ಅಜ್ಜಿಯ ಕಾಡಿಗೆ ಅಲ್ಲ, ನನ್ನ ಕೈ

ಮಗು ಕಣ್ಣು ಊದಿಸಿದ್ದು ನಾನು, ಅಜ್ಜಿ. ನಿಮ್ಮ ಕಾಡಿಗೆ ಅಲ್ಲ. ನನ್ನ ಕೈ.

ಎರಡು ವರ್ಷ ಆಯ್ತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು, ಸುತ್ತಿ ಬಳಸಿ ಬರೆಯೋಕೆ ಬರಲ್ಲ. ನೇರ ಹೇಳ್ತೀನಿ.

ಡಬ್ಲಿನ್ ಮನೆಯ ಗ್ಯಾರೇಜನ್ನ ರೂಮು ಮಾಡಿ ನನಗೆ ಕೊಟ್ಟೋರು ನಿಮ್ಮ ಮಗ ಗಿರೀಶಣ್ಣ. ದೇವಸ್ಥಾನದ ಅಡುಗೆಮನೆ ಕೆಲಸಕ್ಕೆ ಅಂತ ವೀಸಾ ಮಾಡಿಸಿ ಕರೆಸ್ಕೊಂಡಿದ್ದೂ ಅವರ ಕಮಿಟಿನೇ. ಬರೋಕೆ ಮುಂಚೆ ಕೇಳಿದ್ರು — ಮಾಂಸ ತಿಂತೀಯಾ? ಇಲ್ಲ ಅಂದೆ. ಸುಳ್ಳು. ನಮ್ಮನೇಲಿ ಕೋಳಿ ಇಲ್ದೆ ಭಾನುವಾರ ಆಗ್ತಿರಲಿಲ್ಲ. ಆ ಒಂದು ಸುಳ್ಳಲ್ಲೇ ಸಿಕ್ಕಾಕ್ಕೊಂಡೆ. ಕೆಲಸ, ರೂಮು, ವೀಸಾ — ಮೂರೂ ಒಂದೇ ದಾರಕ್ಕೆ ಕಟ್ಟಿತ್ತು. ಒಂದು ಎಳೆದ್ರೆ...

ದೇವಸ್ಥಾನದ ಪಾರ್ಕಿಂಗಲ್ಲಿ ಟುಂಡೆ ಅಂತ ಒಬ್ಬ ಸೆಕ್ಯೂರಿಟಿ, ನೈಜೀರಿಯಾದೋನು. ಅವನಿಗೆ ನಾನು ಪುಳಿಯೋಗರೆ ಕೊಡ್ತಿದ್ದೆ. ಒಂದಿನ ಅವನು ತನ್ನ ಡಬ್ಬಿ ತೆಗೆದ. ಕೆಂಪಗೆ ಮೆಣಸಿನಕಾಯಿ ಸಾಸಲ್ಲಿ ಮುಳುಗಿದ ಕೋಳಿ. ಅವನ ಕಾರಲ್ಲಿ ಬಗ್ಗಿ ಕೂತು ತಿಂದೆ, ಮೂಳೇನೂ ಬಿಡ್ಲಿಲ್ಲ. ಹೆಂಗೆ ಮಾಡೋದು ಅಂತ ಕೇಳಿದೆ. ಕೋಳಿನ ಮೊದಲು ಈರುಳ್ಳಿ, ಥೈಮ್ ಸೊಪ್ಪು ಹಾಕಿ ಬೇಯಿಸು, ಆಮೇಲೆ ಎಣ್ಣೇಲಿ ಹುರಿ ಅಂದ. ಕೆಂಪು ದಪ್ಪ ಮೆಣಸಿನಕಾಯಿ, ಈರುಳ್ಳಿ, ಹಬನೆರೊ ಅನ್ನೋ ಪುಟಾಣಿ ಬೆಂಕಿ ಮೆಣಸಿನಕಾಯಿ — ಎಲ್ಲ ರುಬ್ಬಿ ಕುದಿಸು, ನೀರು ಹೋಗಿ ಎಣ್ಣೆ ಮೇಲೆ ಬರೋವರೆಗೂ ಒಲೆ ಬಿಟ್ಟು ಕದಲಬೇಡ. ಹಬನೆರೊ ಹೆಚ್ಚುವಾಗ ಗ್ಲೌಸ್ ಹಾಕ್ಕೋ ಅಂದ. ಇಂಡಿಯಾದೋನಿಗೆ ಮೆಣಸಿನಕಾಯಿ ಪಾಠ ಹೇಳ್ತೀಯಾ ಅಂತ ನಕ್ಕೆ.

ಮಂಗಳವಾರ ನನಗೆ ರಜ. ಗಿರೀಶಣ್ಣ, ನಿಮ್ಮ ಸೊಸೆ ವಿದ್ಯಕ್ಕ ಇಬ್ರೂ ಆಫೀಸಿಗೆ ಹೋಗಿದ್ರು. ಗ್ಯಾರೇಜ್ ಶಟರ್ ಅರ್ಧ ಎತ್ತಿ, ನನ್ನ ಕರೆಂಟ್ ಒಲೆ ಮೇಲೆ ಶುರು ಮಾಡಿದೆ. ಎಂಟು ಹಬನೆರೊ, ಬರೀ ಕೈಲಿ ಹೆಚ್ಚಿದೆ. ಮನೆಗೂ ಗ್ಯಾರೇಜಿಗೂ ನಡುವಿನ ಬಾಗಿಲಿಗೆ ಚಿಲಕ ಹಾಕೋದು ಮರೆತಿದ್ದೆ. ಸಾಸ್ ಕುದಿ ಬಂದಾಗ ಆ ಒಳಗಿನ ಬಾಗಿಲಲ್ಲಿ ನೀವು. ಸೊಂಟದ ಮೇಲೆ ಏಳು ತಿಂಗಳ ಮೊಮ್ಮಗ ನಿಹಾರ್. ಇಬ್ಬರಿಗೂ ಕೆಮ್ಮು.

"ಏನೋ, ಮನಿಗೆ ಬೆಂಕಿ ಹಚ್ಚೀಯೇನು?" ಅಂತ ಬಂದು ಬಾಣಲೆ ನೋಡಿದ್ರಿ. ಕೋಳಿ ಕಾಲು ಎದ್ದು ಕಾಣ್ತಿತ್ತು.

"ಅಜ್ಜಿ, ದಯವಿಟ್ಟು..." ಅಂದೆ.

"ನಾ ಯಾರಿಗೂ ಹೇಳಂಗಿಲ್ಲ ತಗೋ. ಹುಬ್ಬಳ್ಳ್ಯಾಗ ನಮ್ಮ ಮನಿಯವರು ಹೊರಗ ಏನೇನೋ ತಿಂದು, ಬಾಯಾಗ ಏಲಕ್ಕಿ ಹಾಕ್ಕೊಂಡು ಬರ್ತಿದ್ರು. ನನಗೇನು ಗೊತ್ತಾಗ್ತಿರಲಿಲ್ಲೇನು? ಮೊದಲ ಆ ಶಟರ್ ಪೂರ್ತಿ ಎತ್ತು, ಘಾಟು ಹೋಗ್ಲಿ."

ಬರೀ ನೀರಲ್ಲಿ ಕೈ ತೊಳ್ಕೊಂಡು ಶಟರ್ ಎತ್ತಿದೆ. ಆಗ ನಿಮಗೆ ನೆನಪಾಯ್ತು. "ಅಯ್ಯ, ಹಾಲು ಇಟ್ಟು ಬಂದೀನಿ. ಕೂಸಿನ್ನ ಹಿಡಿ" ಅಂತ ನನ್ನ ಕೈಗೆ ಕೊಟ್ಟು ಒಳಗೆ ಓಡಿದ್ರಿ.

ಘಾಟಿಗೆ ಅವನ ಕಣ್ಣಲ್ಲಿ ನೀರು. ಬೆಳಿಗ್ಗೆ ನೀವು ಹಚ್ಚಿದ್ದ ಕಾಡಿಗೆ ಕೆನ್ನೆ ಮೇಲೆ ಇಳಿದಿತ್ತು. ಹೆಬ್ಬೆಟ್ಟಲ್ಲಿ ಒರೆಸಿದೆ. ಎರಡೂ ಕಣ್ಣು. ಒಂದು ಗಳಿಗೆ ಸುಮ್ನಿದ್ದ. ಆಮೇಲೆ ಕಿರುಚಿದ್ದು — ಬೇಡ, ನೀವೂ ಕೇಳಿದೀರಿ.

ಗಿರೀಶಣ್ಣ, ವಿದ್ಯಕ್ಕ ಆಫೀಸಿಂದ ಓಡಿ ಬಂದು ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಬಂದ್ರು. ನಾಲ್ಕು ದಿನಕ್ಕೆ ಕಣ್ಣು ಸರಿ ಹೋಯ್ತು. ಆದ್ರೆ ಅವತ್ತು ಸಂಜೆ ಸೋಫಾ ಹತ್ರ ನಿಂತು ವಿದ್ಯಕ್ಕ ನಿಮ್ಮನ್ನ ಕೇಳಿದ್ರು — "ಕಾಡಿಗೆ ಬೇಡ ಅಂತ ಎಷ್ಟು ಸಲ ಹೇಳಿದೀನಿ ಅತ್ತೆ? ಬೇರೆ ಏನಾದ್ರೂ ತಾಕ್ತಾ ಕಣ್ಣಿಗೆ?"

ನೀವು ನನ್ನ ಕಡೆ ನೋಡಿದ್ರಿ. ನಾನು ನೆಲ ನೋಡಿದೆ.

"ಇಲ್ಲವ್ವಾ. ಕಾಡಿಗಿ ಅಷ್ಟ" ಅಂದ್ರಿ.

ಒಂದು ಮಾತು ಸಾಕಿತ್ತು. ಆಡ್ಲಿಲ್ಲ.

ಚಿಕನ್ನು ನನ್ನ ಪುಟ್ಟ ಫ್ರಿಜ್ಜಲ್ಲಿತ್ತು. ಮಾರನೇ ದಿನ ತಿಂದೆ. ಎಸೀಲಿಲ್ಲ. ರುಚಿಯಾಗೇ ಇತ್ತು. ಇದನ್ನೂ ಹೇಳ್ಬೇಕು.

ಆಮೇಲೆ ನಿಮ್ಮ ಕೈಗೆ ಮಗು ಕೊಡೋದು ನಿಲ್ಲಿಸಿದ್ರು. ಅವನನ್ನ ಡೇಕೇರಿಗೆ ಹಾಕಿದ್ರು. ಮಗು ನೋಡ್ಕೊಳ್ಳೋಕೆ ಅಂತ ಸಮುದ್ರ ದಾಟಿ ಬಂದೋರು ನೀವು, ಹಗಲೆಲ್ಲ ಖಾಲಿ ಮನೇಲಿ ಕಿಟಕಿ ಹತ್ರ... ಆರು ತಿಂಗಳಿಗೆ ಬಂದೋರು ಮೂರನೇ ತಿಂಗಳಿಗೇ ಟಿಕೆಟ್ ಬದಲಾಯಿಸಿದ್ರಿ. ಹೊರಡೋ ದಿನ ಗ್ಯಾರೇಜಿಗೆ ಬಂದು ಕೊಬ್ಬರಿ ಎಣ್ಣೆ ಬಾಟ್ಲಿ ನನ್ನ ಮಂಚದ ಮೇಲೆ ಇಟ್ರಿ.

"ಮೆಣಸಿನಕಾಯಿ ಹೆಚ್ಚೂಕಿಂತ ಮೊದಲ ಕೈಗೆ ಎಣ್ಣಿ ಹಚ್ಚಿಕೋಬೇಕು. ನಿಮ್ಮವ್ವ ಹೇಳಿಕೊಟ್ಟಿಲ್ಲೇನು?"

ಅಷ್ಟೇ ಅಂದು ಹೋದ್ರಿ.

ನಿಮಗೆ ಗೊತ್ತಿತ್ತು. ಯಾರಿಗೂ ಹೇಳಂಗಿಲ್ಲ ಅಂದಿದ್ರಲ್ಲ, ಅದಕ್ಕೇ ಹೇಳ್ಲಿಲ್ಲ. ಆ ಮಾತಿಂದ ನಿಮ್ಮನ್ನ ಬಿಡಿಸೋನು ನಾನೊಬ್ಬನೇ ಇದ್ದೆ. ಬಿಡಿಸಲಿಲ್ಲ.

ನಿಹಾರ್ ಈಗ ಮಾತಾಡ್ತಾನೆ. ವಿಡಿಯೋ ಕಾಲಲ್ಲಿ ನಿಮ್ಮ ಮುಖ ಬಂದ ತಕ್ಷಣ ಎರಡೂ ಕಣ್ಣು ಮುಚ್ಕೊಂಡು "ನೋ ಕಾಡಿಗೆ ಅಜ್ಜಿ" ಅಂತಾನೆ. ಯಾರೋ ಹೇಳಿಕೊಟ್ಟಿದ್ದು. ಎಲ್ರೂ ನಗ್ತಾರೆ. ನೀವೂ ನಗ್ತೀರಿ. ನಾನು ಪಕ್ಕದಲ್ಲಿ ತಟ್ಟೆ ಎತ್ತುತಿರ್ತೀನಿ.

ಹೋದ ವಾರ ಗಿರೀಶಣ್ಣ, ಅಮ್ಮನ್ನ ಮತ್ತೆ ಕರೆಸೋಣ್ವಾ ಅಂದ್ರು. "ಬರಲಿ, ಆದ್ರೆ ಮಗು ಜೊತೆ ಅವರೊಬ್ಬರನ್ನೇ ಬಿಡಲ್ಲ" ಅಂದ್ರು ವಿದ್ಯಕ್ಕ. ಆಮೇಲೆ ಗಿರೀಶಣ್ಣ, "ಹಂಗಾದ್ರೆ ಬೇಡ ಬಿಡು." ಗೋಡೆಯ ಈ ಕಡೆ ಕೂತು ಕೇಳಿಸ್ಕೊಂಡೆ.

ಇವತ್ತು ಶನಿವಾರ. ಇಬ್ರೂ ಮನೇಲಿದಾರೆ, ಕಾಫಿ ವಾಸನೆ ಬರ್ತಿದೆ. ಈ ಕಾಗದನ ಮೊದಲು ಅವರಿಗೆ ಓದಿ ಹೇಳ್ತೀನಿ, ಆಮೇಲೆ ನಿಮಗೆ ಕಳಿಸ್ತೀನಿ. ರೂಮು ಹೋಗತ್ತೆ. ಕೆಲಸಾನೂ ಹೋಗತ್ತೆ ಅನ್ಸತ್ತೆ. ಕ್ಷಮಿಸಿ ಅಂತ ಕೇಳೋಕೆ ಬಾಯಿಲ್ಲ ಅಜ್ಜಿ, ಕೇಳಲ್ಲ.

ಈ ಗ್ಯಾರೇಜಲ್ಲಿ ಸಿಕ್ಕಾಕ್ಕೊಂಡಿದೀನಿ ಅಂತಾನೇ ಎರಡು ವರ್ಷ ಅನ್ಕೊಂಡಿದ್ದೆ. ಒಳಗಿನ ಬಾಗಿಲಿನ ಚಿಲಕ ನನ್ನ ಕಡೆಗೇ ಇರೋದು.