ತೆಗೆದುಹಾಕಿದ ಮನೆ

ದೇಶದ ಕೇಂದ್ರ ಬ್ಯಾಂಕಿನ ನಾಲ್ಕನೇ ಮಹಡಿಯಲ್ಲಿ, ಬೆಲೆಗಳ ಬಗ್ಗೆ ಸಂಶೋಧನೆ ಮಾಡುವ ವಿಭಾಗದಲ್ಲಿ, ಆಕೆಯನ್ನು ಎಲ್ಲರೂ ಕತ್ತರಿ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಗೊತ್ತಿದ್ದರೂ ಮೇಡಂ ಬೇಸರಿಸಿಕೊಂಡವರಲ್ಲ. “ಅಡ್ಡಹೆಸರು ಬರೋಕೂ ಯೋಗ್ಯತೆ ಬೇಕು” ಎಂದು ಗಂಡನೆದುರು ನಗುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಸಮೀಕ್ಷೆಯವರು ಐದು ಸಾವಿರ ಮನೆಗಳಿಗೆ ಹೋಗಿ, ಹೋದ ವರ್ಷಕ್ಕಿಂತ ಬೆಲೆ ಎಷ್ಟು ಏರಿದೆ ಅನ್ನಿಸುತ್ತದೆ ಎಂದು ಕೇಳಿ ಬರುತ್ತಿದ್ದರು. ಉತ್ತರಗಳು ಮೇಡಂ ಮೇಜಿಗೆ ಬರುತ್ತಿದ್ದವು. ಹೆಸರಿಲ್ಲ, ವಿಳಾಸವಿಲ್ಲ, ಬರೀ ಮನೆಯ ಸಂಖ್ಯೆ. ಎಲ್ಲರೂ ನೂರಕ್ಕೆ ಆರು, ಏಳು ಎನ್ನುವಾಗ ಯಾರೋ ಒಬ್ಬರು ಇನ್ನೂರು ಎಂದರೆ ಅದು ಕೈತಪ್ಪು, ಇಲ್ಲವೇ ಸಿಟ್ಟಿನ ಮಾತು. ಅಂಥದ್ದನ್ನು ಮೇಡಂ ಕಿತ್ತು ಬೇರೊಂದು ಕಡತಕ್ಕೆ ತಳ್ಳುತ್ತಿದ್ದರು. ಇಲ್ಲದಿದ್ದರೆ ಸರಾಸರಿ ಹದಗೆಡುತ್ತದೆ, ಅದನ್ನು ನಂಬಿ ಬಡ್ಡಿ ದರ ನಿರ್ಧರಿಸುವವರು ದಾರಿ ತಪ್ಪುತ್ತಾರೆ. ಇಪ್ಪತ್ತೆರಡು ವರ್ಷ ಈ ಕೆಲಸವನ್ನು ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದರು.

2117ನೇ ಮನೆ ಒಂದು ಸಲ ಇನ್ನೂರು ಎಂದಿತು. ಪಕ್ಕದ ಷರಾದಲ್ಲಿ ‘ಔಷಧಿ’ ಎಂದಷ್ಟೇ ಇತ್ತು. ಮೇಡಂ ಕಿತ್ತರು. ಮುಂದಿನ ಸಲವೂ ಇನ್ನೂರು, ಅದೇ ಷರಾ. ಕಿತ್ತರು. ಮೂರನೇ ಸಲ ಮುನ್ನೂರು. ‘ಯಾರೋ ಮಹಾ ಹಟಮಾರಿ’ ಎಂದುಕೊಂಡು ಅದನ್ನೂ ಕಿತ್ತರು. ನಾಲ್ಕನೇ ಸಲ ಉತ್ತರವಿರಲಿಲ್ಲ. ‘ಮನೆಗೆ ಬೀಗ’ ಎಂದಿತ್ತು.

ಯಾಕೋ ಆ ಬೀಗ ಮನಸ್ಸಿನಲ್ಲಿ ಉಳಿಯಿತು. ಅದೇ ವಾರ, ಆ ಕಡೆಯ ಬೀದಿಗಳಿಗೆ ಹೋಗುತ್ತಿದ್ದ ಸಮೀಕ್ಷೆಯ ಹೆಂಗಸು ಕೆಟ್ಟ ಟ್ಯಾಬ್ ಬದಲಿಸಿಕೊಳ್ಳಲು ಕಚೇರಿಗೆ ಬಂದಿದ್ದಳು. ಮೇಡಂ ಮಾತಿನ ನಡುವೆ ಸಹಜವೆಂಬಂತೆ 2117ನೇ ಮನೆಯ ಬಗ್ಗೆ ಕೇಳಿದರು.

“ಅಯ್ಯೋ, ಅದು ಟೈಲರ್ ಮನೆ ಮೇಡಂ. ಹೆಂಡ್ತಿಗೆ ಉಬ್ಬಸ. ಹಳೇ ಔಷಧಿ ಅಂಗಡಿಗೆ ಬರೋದೇ ನಿಂತೋಯ್ತಂತೆ, ಹೊಸದಕ್ಕೆ ಮೂರು ಪಟ್ಟು ರೇಟು. ದಿನಾ ತಗೋಬೇಕಾದ್ದನ್ನ ದಿನ ಬಿಟ್ಟು ದಿನ ತಗೊಂಡ್ರು. ಹೋದ ತಿಂಗಳು ತೀರ್ಕೊಂಡ್ರು.” ಆಕೆ ಹೊಸ ಟ್ಯಾಬನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದಳು, “ಆಯಮ್ಮ ಪ್ರತಿ ಸಲ ಕೇಳೋರು, ನಾವು ಹೇಳಿದ್ದು ಮೇಲಕ್ಕೆ ಮುಟ್ಟುತ್ತೇನಮ್ಮಾ ಅಂತ. ನಾನು ಮುಟ್ಟುತ್ತೆ ಅಂದಿದ್ದೆ.”

ಅಂದಿನಿಂದ ಮೇಡಂಗೆ ಕೆಮ್ಮು ಕೇಳತೊಡಗಿತು. ಬೆಳಗಿನ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ, ಲಿಫ್ಟಿನಲ್ಲಿ ಒಬ್ಬರೇ ಇದ್ದಾಗ ಕಿವಿಯ ಪಕ್ಕದಿಂದ. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಸರಾಸರಿಯ ಗೆರೆ ಎಳೆಯುವಾಗ ಬೆನ್ನ ಹಿಂದೆ ಯಾರೋ ನಿಂತು, ಉಸಿರು ಎಳೆದುಕೊಳ್ಳಲಾಗದೆ, ಆದರೂ ಮರ್ಯಾದೆಯಿಂದ ತಮ್ಮ ಸರದಿಗೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.

“ಊಟ ಆರಿ ತಣ್ಣಗಾಯ್ತು. ಯಾರ ಜೊತೆ ಮಾತಾಡ್ತಿದ್ದೀಯ?” ಎಂದರು ಗಂಡ ಒಂದು ದಿನ. ತುಟಿ ಅಲುಗುತ್ತಿದ್ದುದು ಮೇಡಂಗೇ ಗೊತ್ತಿರಲಿಲ್ಲ.

ಕಿತ್ತು ಹಾಕಿದ ಕಡತವನ್ನು ಅವರು ಮೊದಲ ಬಾರಿಗೆ ತೆರೆದು ಕುಳಿತರು. ಅದಕ್ಕೂ ಹಿಂದಿನವು ಅಳಿಸಿಹೋಗಿದ್ದವು; ಉಳಿದದ್ದು ಒಂಬತ್ತು ವರ್ಷದ ಉತ್ತರಗಳು. ಹೆಚ್ಚಿನವು ನಿಜಕ್ಕೂ ಕೈತಪ್ಪುಗಳೇ. ಆದರೆ ನಡುನಡುವೆ ಒಂದೇ ಮನೆ ಮತ್ತೆ ಮತ್ತೆ ಅದೇ ಮಾತು ಹೇಳಿತ್ತು. ಔಷಧಿ. ಬಾಡಿಗೆ. ಮಗುವಿನ ಹಾಲಿನ ಪುಡಿ. ಇನ್ನೂ ಕೆಲವು ಮನೆಗಳ ಕೊನೆಯಲ್ಲಿ ಬೀಗ ಎಂದಿತ್ತು.

ಪಟ್ಟಿ ಹಿಡಿದು ನಿರ್ದೇಶಕರ ಕೋಣೆಗೆ ಹೋದರು. ಅವರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಪೂರ್ತಿ ಓದಿದರು.

“ನೂರರಲ್ಲಿ ಒಬ್ಬರ ಮಾತು ಸೇರಿಸಿದ್ರೆ ಲೆಕ್ಕ ಕೆಡುತ್ತಮ್ಮ. ಇದನ್ನ ನನಗೆ ಕಲಿಸಿದ್ದೇ ನೀವು.”

“ಲೆಕ್ಕಕ್ಕೆ ಸೇರಿಸಿ ಅಂತಿಲ್ಲ ಸರ್. ಒಂದು ಫೋನ್ ಮಾಡಿ ಕೇಳೋಣ ಅಂತಿದ್ದೀನಿ.”

“ನೋಡೋಣ” ಎಂದರು ನಿರ್ದೇಶಕರು. ಆ ಕಟ್ಟಡದಲ್ಲಿ ನೋಡೋಣ ಎಂದರೆ ಆ ವಿಷಯಕ್ಕೆ ಎಳ್ಳುನೀರು ಬಿಟ್ಟಂತೆ.

ಸಂಶೋಧಕರು ಉತ್ತರ ಕೊಟ್ಟವರ ವಿಳಾಸ ಹುಡುಕಬಾರದು ಎಂಬ ನಿಯಮವಿದೆ. ಆ ಶನಿವಾರ ಬೆಳಿಗ್ಗೆ ಮೇಡಂ ಅದನ್ನು ಮುರಿದರು. ಟೈಲರ್ ಈಗ ತಂಗಿಯ ಮನೆಯಲ್ಲಿದ್ದ. ಮೆಟ್ಟಿಲ ಕೆಳಗಿನ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಬಂದವರು ಗಿರಾಕಿ ಎಂದುಕೊಂಡು ಟೇಪು ಹಿಡಿದು ಎದ್ದ.

ಮೇಡಂ ನಿಂತೇ ಎಲ್ಲ ಹೇಳಿದರು. ಮೂರು ಸಲ ಕಿತ್ತದ್ದನ್ನೂ ಹೇಳಿದರು.

“ಯಾಕೆ ಕಿತ್ರಿ?”

“ಬೇರೆಯವರ ಉತ್ತರಕ್ಕೂ ನಿಮ್ಮದಕ್ಕೂ ಅಜಗಜಾಂತರ ಇತ್ತು. ತಪ್ಪು ಅಂದ್ಕೊಂಡೆ.”

“ಒಂದ್ಸಲ ಕೇಳ್ಬಹುದಿತ್ತಲ್ಲ ತಾಯಿ?”

“ಕೇಳ್ಬಹುದಿತ್ತು.”

ಅವನು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. “ಆ ಸಮೀಕ್ಷೆಯಮ್ಮ ಬರೋ ದಿನ ಇವಳು ನನಗೆ ಒಳ್ಳೇ ಅಂಗಿ ಹಾಕಿಸೋಳು. ದೊಡ್ಡ ಬ್ಯಾಂಕಿನವರು, ನಮ್ಮನ್ನೂ ಕೇಳ್ತಾರೆ ನೋಡಿ ಅನ್ನೋಳು. ಎರಡು ಮಾತಾಡೋಕೆ ನಾಲ್ಕು ಸಲ ಉಸಿರು ಎಳೀಬೇಕಿತ್ತು, ಆದ್ರೂ ಉತ್ತರ ಅವಳೇ ಹೇಳೋಳು.” ಅವನು ಕುಳಿತ. “ಅವಳು ಹೋಗಿದ್ದು ನಿಮ್ಮಿಂದ ಅಂತ ನಾನು ಅನ್ನಲ್ಲ. ಆದ್ರೆ ನೀವು ಈಗ ಹೊರಡಿ.”

ಮೇಡಂ ಹೊರಟರು. ಸೋಮವಾರ, ತಾವು ನಿಯಮ ಮುರಿದದ್ದನ್ನು ತಾವೇ ಬರೆದು ಕೊಟ್ಟರು. ವಿಚಾರಣೆ ನಡೆದು ಒಂದು ಬಡ್ತಿ ತಪ್ಪಿತು. ಆದರೆ ಆ ವಿಚಾರಣೆಯ ಕಡತದಲ್ಲೇ ಅವರ ಪಟ್ಟಿಯೂ ಮೇಲಕ್ಕೆ ಹೋಗಿ, ಯಾರ ಕಣ್ಣಿಗೋ ಬಿತ್ತು. ಎರಡು ವರ್ಷದ ಮೇಲೆ ಹೊಸ ಸುತ್ತೋಲೆ ಬಂತು: ಎರಡನೇ ಸಲವೂ ವಿಪರೀತ ಉತ್ತರ ಕೊಟ್ಟ ಮನೆಯವರಿಗೆ, ಅವರ ಒಪ್ಪಿಗೆಯಿದ್ದರೆ, ಫೋನ್ ಮಾಡಿ ಕಾರಣ ಕೇಳಿಯೇ ಮುಂದುವರಿಯತಕ್ಕದ್ದು.

ಕರೆ ಮಾಡುವ ಕೆಲಸವನ್ನು ಮೇಡಂ ಕೇಳಿ ಪಡೆದರು. ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. “ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದೆ ಕಣ್ರೀ” ಎಂದು ನಗುವವರು ಹೆಚ್ಚು. ಕೆಲವರು ನಗುವುದಿಲ್ಲ. ಅವರು ಹೇಳಿದ್ದನ್ನು ಮೇಡಂ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಫೋನು ಬರೀ ಹೊಡೆದುಕೊಳ್ಳುತ್ತದೆ. ಆಗ ಅವರು ಇಡುವುದಿಲ್ಲ. ತಾನಾಗಿ ನಿಲ್ಲುವವರೆಗೂ, ಆ ಕಡೆ ಯಾರೋ ಉಸಿರು ಕೂಡಿಸಿಕೊಂಡು ಎದ್ದು ಬರುತ್ತಿರಬಹುದು ಎಂಬಂತೆ, ಕಿವಿಗೊಟ್ಟು ಕುಳಿತಿರುತ್ತಾರೆ.