ನೊಣ ಕೂರಿಸಿದ ಪಿಸ್ತೂಲು

ಕೊಗ್ಗ ಮಸ್ಕತ್‌ನ ಘಾಲಾದ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷಗಳಿಂದ ಫಿಟ್ಟರ್. ನಮ್ಮ ಕಡೆಯವರ ಸಂಘ ಅಲ್ಲಿ ಕಾರ್ಯಕ್ರಮ ಮಾಡಿದಾಗಲೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ ಬರುತ್ತಿದ್ದ. ಯಾರೂ ಅವನ ಹೆಸರು ಕೇಳಿರಲಿಲ್ಲ.

ಈ ಸಲ ಕೇಳಿದರು. ಸಂಘದ ನಾಟಕ ಆಡಿಸುವ ಭವ್ಯಶ್ರೀ ಕಾರಿನ ಬ್ರೇಕ್ ಸರಿಮಾಡಿಸಲು ಬಂದವಳು ಅವನ ಕೆಲಸವನ್ನು ನೋಡುತ್ತ ನಿಂತು ಹೆಸರು ಕೇಳಿದಳು.

"ಕೊಗ್ಗಣ್ಣ, ನಾಟಕಕ್ಕೊಂದು ಪಿಸ್ತೂಲು ಮಾಡಿಕೊಡ್ತೀರಾ? ಮರದ್ದು ಸಾಕು. ಕರಪತ್ರದಲ್ಲಿ ನಿಮ್ಮ ಹೆಸರು ಹಾಕ್ತೇವೆ."

ಅಚ್ಚಾದ ತನ್ನ ಹೆಸರನ್ನು ಊರಿನವರು ಓದುವುದನ್ನು ನೆನೆದು ಕೊಗ್ಗ ಶುಕ್ರವಾರದ ರಜೆಗಳನ್ನೆಲ್ಲ ಖಾಲಿ ಗ್ಯಾರೇಜಿನಲ್ಲಿ ಕಳೆದ. ಪ್ಯಾಕಿಂಗ್ ಪೆಟ್ಟಿಗೆಯ ಮರವನ್ನು ಕೆತ್ತಿದ. ಒಳಗೆ ತೂತಿಲ್ಲದ ಗಟ್ಟಿ ಮರ. ಬೆರಳಿಡುವಲ್ಲಿ ಹಿತ್ತಾಳೆಯ ಕುದುರೆ ಕೂರಿಸಿದ. ಒತ್ತಿದರೆ ಟಕ್ ಎನ್ನುತ್ತಿತ್ತು, ಅಷ್ಟೆ.

ಜೊತೆಯ ವೆಲ್ಡರ್ ಜರ್ಗುಲ್ ಹಿಂದೆ ಪಾಕಿಸ್ತಾನದಲ್ಲಿ ಸಿಪಾಯಿಯಾಗಿದ್ದವನು. ಕೆಲಸದ ದಿನ ಊಟದ ಹೊತ್ತಿಗೆ ಪಿಸ್ತೂಲನ್ನು ತಿರುಗಿಸಿ ನೋಡಿ, "ಮಕ್ಖಿ ಕಹಾಂ ಹೈ?" ಎಂದ.

ನೊಣ ಎಲ್ಲಿ ಅಂದರೆ ಏನೆಂದುಕೊಳ್ಳಬೇಕು? ಕೊಗ್ಗ ಬುತ್ತಿಯ ಮುಚ್ಚಳ ಒತ್ತಿದ. "ನಹೀಂ ಚಾಚಾ, ಢಕ್ಕನ್ ಬಂದ್ ಹೈ."

ಜರ್ಗುಲ್ ಗಡ್ಡ ಕುಲುಕುವಂತೆ ನಕ್ಕ. ಗುರಿ ಹಿಡಿಯಲು ಪಿಸ್ತೂಲಿನ ತುದಿಯಲ್ಲಿರುವ ಸಣ್ಣ ಉಬ್ಬಿಗೆ ಸಿಪಾಯಿಗಳು ಮಕ್ಖಿ ಎನ್ನುತ್ತಾರಂತೆ. ಅದಿಲ್ಲದ್ದು ಪಿಸ್ತೂಲಲ್ಲ, ಪೈಪು.

ಕೊಗ್ಗ ಮೂರು ನೊಣ ಮಾಡಿದ. ಹಿತ್ತಾಳೆಯದು ಮಿನುಗಿತು. ರಿವೆಟ್ ತಲೆಯದು ದಪ್ಪವಾಯಿತು. ಕರಿ ಉಕ್ಕಿನ ಚಪ್ಪಟೆಯದನ್ನು ಇಟ್ಟು, ಬಿಳಿ ಗೋಡೆಯತ್ತ ಕೈಚಾಚಿ, ಪಿಸ್ತೂಲಿನ ಹಿಂತುದಿಯ ಕಚ್ಚಿನ ಮೂಲಕ ನೋಡಿದ. ನೊಣದ ಎರಡೂ ಬದಿಗೆ ಒಂದೇ ಅಗಲದ ಬೆಳಕು ಬರುವವರೆಗೆ ಅರದಿಂದ ಉಜ್ಜಿದ. ಸಭೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಆ ಎರಡು ಗೆರೆ ಬೆಳಕನ್ನು ಕೈ ಸೋಲುವವರೆಗೆ ನೋಡಿದ. ತೋರಿಸಲು ಹತ್ತಿರ ಯಾರೂ ಇರಲಿಲ್ಲ.

ಕೊನೆಯ ತಾಲೀಮಿನ ದಿನ ಸಭಾಂಗಣದ ಒಮಾನಿ ಮ್ಯಾನೇಜರ್ ಪಿಸ್ತೂಲನ್ನು ಕೈಗೆತ್ತಿಕೊಂಡ. ಒಂದು ಕಣ್ಣು ಮುಚ್ಚಿ ಪರದೆಗೆ ಗುರಿ ಹಿಡಿದ. ಕೊಗ್ಗನ ಎದೆ ತುಂಬಿತು. ಮ್ಯಾನೇಜರ್ ನಿಧಾನವಾಗಿ ಅದನ್ನು ಮೇಜಿನ ಮೇಲಿಟ್ಟ.

"ಯೇ ಖಿಲೌನಾ ನಹೀಂ. ಅಂದರ್ ನಹೀಂ ಆಯೇಗಾ. ಖಲಾಸ್." ಆಟಿಕೆಯಲ್ಲವಂತೆ; ಒಳಗೆ ತರುವಂತಿಲ್ಲ, ಮಾತು ಮುಗಿಯಿತು.

"ಬರೀ ಮರ ಸರ್," ಎಂದು ಭವ್ಯಶ್ರೀ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಅವಳು ಕೊಗ್ಗನ ಕಡೆ ತಿರುಗಿದಳು. "ಎಂಥ ಕೊಗ್ಗಣ್ಣ, ಇಷ್ಟು ಸರಿ ಮಾಡ್ಲಿಕ್ಕೆ ಯಾರು ಹೇಳಿದ್ದು ಮಾರಾಯ್ರೆ!"

ಕಳ್ಳನ ಪಾತ್ರದ ಶ್ರವಣ್ ನಕ್ಕ. "ಮಕ್ಕಳ ನೀರಿನ ಪಿಸ್ತೂಲು ತರ್ತೇನೆ ಅಕ್ಕ. ಹಿಂದೆ ಕೂತವರಿಗೆ ಎಂಥ ಗೊತ್ತಾಗ್ತದೆ?"

"ನಿಮ್ಮ ಹೆಸರು ತೆಗೀಲಿಕ್ಕಿಲ್ಲ, ಕೊಗ್ಗಣ್ಣ. ಪ್ರಿಂಟ್ ಆಗಿ ಆಯ್ತು," ಎಂದಳು ಭವ್ಯಶ್ರೀ.

"ಆಯ್ತಕ್ಕ," ಎಂದ ಕೊಗ್ಗ.

ನಾಟಕದ ದಿನ ಶ್ರವಣ್ ಹಸಿರು ಪ್ಲಾಸ್ಟಿಕ್ ಪಿಸ್ತೂಲು ಎತ್ತಿದಾಗ ಮಕ್ಕಳು ಹೋ ಎಂದು ನಕ್ಕವು. ಹಿಂದಿನ ಸಾಲಿನಲ್ಲಿ ಕೊಗ್ಗನ ಪಕ್ಕ ಕೂತಿದ್ದ ಹಿರಿಯ ಹೆಂಗಸು ಕರಪತ್ರವನ್ನು ಬೆಳಕಿಗೆ ಹಿಡಿದಳು.

"ನೋಡಿ, 'ಪಿಸ್ತೂಲು: ಕೊಗ್ಗ' ಅಂತ ಬರ್ದಿದ್ದಾರೆ. ಇದಕ್ಕೂ ಹೆಸರು ಹಾಕ್ತಾರಾ! ಇವರು ಯಾರು, ನಿಮ್ಗೆ ಗೊತ್ತುಂಟಾ?"

"ಇಲ್ಲಮ್ಮ," ಎಂದ ಕೊಗ್ಗ. "ಪರಿಚಯ ಇಲ್ಲ."