ಒಳಕೋಣೆಯ ಟಿವಿಯಲ್ಲಿ ಕೆಂಪು ಎಮ್ಮೆ

ಹೊಸ ಸಿನಿಮಾ, ಕ್ರಿಕೆಟ್, ಧಾರಾವಾಹಿ ಎಲ್ಲವನ್ನೂ ಕದ್ದು ಪುಕ್ಕಟೆ ತೋರಿಸುವ ಆ್ಯಪ್ ಒಂದಿತ್ತು. ಅದನ್ನು ದುಬೈನಲ್ಲಿ ಕೂತವನೊಬ್ಬ ಒಂದೇ ಲ್ಯಾಪ್‌ಟಾಪಿನಿಂದ ನಡೆಸುತ್ತಾನೆ ಎಂದು ಬೈಲಹೊಂಗಲದಿಂದ ರಾಮದುರ್ಗದವರೆಗೆ ಎಲ್ಲರೂ ಹೇಳುತ್ತಿದ್ದರು. ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಒಂದೇ: ಎಲ್ಲರೂ ಒಪ್ಪಿದ ಮಾತಿಗೆ ಸಾಕ್ಷಿ ಯಾರು ಎಂದು ಮೊದಲು ಕೇಳು. ದುಬೈಯವನನ್ನು ಕಂಡವರು ಒಬ್ಬರೂ ಇರಲಿಲ್ಲ.

ಲ್ಯಾಪ್‌ಟಾಪಿನ ಮಾತಂತೂ ವಾದದಲ್ಲಿ ನಿಲ್ಲುವುದೇ ಇಲ್ಲ. ಅಷ್ಟೊಂದು ಫೋನುಗಳಿಗೆ ಒಂದೇ ಹೊತ್ತಿಗೆ ಕಳಿಸಬೇಕಾದರೆ ಚಿತ್ರವನ್ನು ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಅಳತೆಗೆ ಇಳಿಸುತ್ತಲೇ ಇರಬೇಕು. ಇಲ್ಲವಾದರೆ ಸಾಲಹಳ್ಳಿಯಂಥ ಸಣ್ಣ ಊರಿನ ನೆಟ್‌ವರ್ಕಿನಲ್ಲಿ ಬರೀ ಚಕ್ರ ತಿರುಗುತ್ತದೆ. ಆಮೇಲೆ ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಹೊರದೇಶದ ಬಾಡಿಗೆ ಸರ್ವರುಗಳಿಗೆ ಏರಿಸಬೇಕು. ಒಂದು ವಿಳಾಸ ಬಂದ್ ಆದರೆ ಇನ್ನೊಂದು ತಯಾರಿರಬೇಕು. ಎಲ್ಲಕ್ಕಿಂತ ಮೊದಲು, ಕನ್ನಡದ ಚಾನೆಲ್‌ಗಳನ್ನು ಹಿಡಿಯುವ ಡಿಶ್ಶಿನ ಹತ್ತಿರ ಯಾರಾದರೂ ಕೂತಿರಬೇಕು.

ಬೈಲಹೊಂಗಲದಲ್ಲಿ ಅಂಥ ಡಿಶ್ ಇದ್ದುದು ನನ್ನ ಸೋದರಮಾವನ ಕೇಬಲ್ ಆಫೀಸಿನ ಮೇಲೆ. ಲಾ ಕಾಲೇಜಿಗೆಂದು ಧಾರವಾಡದ ಬಸ್ಸು ಹಿಡಿಯುವ ಮೊದಲು ದಿನಾ ಮುಂಜಾನೆ ನಾನು ಅಲ್ಲಿ ಕೂತು, ಟಿವಿಯ ತಳದಲ್ಲಿ ಓಡುವ ಸ್ಕ್ರೋಲ್ ಟೈಪ್ ಮಾಡುತ್ತಿದ್ದೆ: ಮಾರುಕಟ್ಟೆಯ ಹತ್ತಿ ದರ, ಹುಟ್ಟುಹಬ್ಬದ ಶುಭಾಶಯ, ಕಳೆದ ದನ.

ಆ ವರ್ಷ ಮಾಮಾ ಆಫೀಸಿನ ಒಳಕೋಣೆಗೆ ಎ.ಸಿ. ಹಾಕಿಸಿದರು. ತಾವು ಮಾತ್ರ ಹೊರಗೆ ಕಿರಗುಟ್ಟುವ ಫ್ಯಾನಿನ ಕೆಳಗೆ ಬನಿಯನ್ನಿನಲ್ಲೇ ಕೂರುತ್ತಿದ್ದರು. ಕರೆಂಟ್ ಹೋದರೆ ಊರಿನ ಟಿವಿಗಳೆಲ್ಲ ಕಪ್ಪಾಗುತ್ತಿದ್ದವು. ಒಳಕೋಣೆ ಬ್ಯಾಟರಿಗಳ ಮೇಲೆ ಗುಂಯ್‌ಗುಡುತ್ತಲೇ ಇರುತ್ತಿತ್ತು. ಹಿಂದೆಯೇ ಹೊಸ ಬ್ರಾಡ್‌ಬ್ಯಾಂಡ್ ಲೈನ್ ಬಂತು, ಒಳಗೆ ತರುವಷ್ಟೇ ವೇಗದಲ್ಲಿ ಹೊರಗೂ ಕಳಿಸುವಂಥದ್ದು. ಕೇಬಲ್ ಆಫೀಸಿಗೆ ಹೊರಗೆ ಕಳಿಸುವುದೇನಿರುತ್ತದೆ ಎಂದು ಕೇಳಿದೆ.

“ಸಿಸಿ ಕ್ಯಾಮೆರಾಕ್ಕವ್ವ. ವಕೀಲಕಿ ಆಗೂ ಮೊದಲಽ ಪಾಟೀಸವಾಲು ಸುರು ಮಾಡಿದಿ ನೋಡು,” ಎಂದರು.

ತಮ್ಮ ಹೆಸರಿನಲ್ಲಿ ಆಗಲೇ ಎರಡು ಲೈನ್ ಇವೆಯೆಂದು ಅರ್ಜಿಗೆ ನನ್ನ ಆಧಾರ್, ನನ್ನ ಸಹಿ ತೆಗೆದುಕೊಂಡರು. ಅವರಿಗೆ ನನ್ನದೇ ವಯಸ್ಸಿನ ಮಗನಿದ್ದ. ಆ ಲೈನಿನಿಂದ ಏನೇ ಹೊರಹೋದರೂ ಪೊಲೀಸರ ಕಾಗದದಲ್ಲಿ ಬರುವ ಹೆಸರು ನನ್ನದು, ಮರುವರ್ಷ ವಕೀಲಿಯ ಸನ್ನದಿಗೆ ಅರ್ಜಿ ಹಾಕಬೇಕಾದವಳದು. ಇದು ನನಗೆ ಹೊಳೆದದ್ದು ತಡವಾಗಿ.

ಹೊಳೆದದ್ದು ಸವದತ್ತಿಯ ಗೆಳತಿಯ ಫೋನಿನಲ್ಲಿ ಆ ಆ್ಯಪ್ ನೋಡಿದಾಗ. ಚಿತ್ರದ ತಳದಲ್ಲಿ ಒಂದು ಕಪ್ಪು ಪಟ್ಟೆ ಇತ್ತು. ನಮ್ಮ ಸ್ಕ್ರೋಲ್ ಓಡುವ ಜಾಗವೇ, ಅದರಷ್ಟೇ ಎತ್ತರ. ಡಿಶ್ಶಿನಿಂದ ನೇರ ಎಳೆದಿದ್ದರೆ ಚಿತ್ರದಲ್ಲಿ ಸ್ಕ್ರೋಲೇ ಇರುತ್ತಿರಲಿಲ್ಲ, ಅದನ್ನು ಮುಚ್ಚುವ ಗೋಜೂ ಇರುತ್ತಿರಲಿಲ್ಲ. ಆದರೆ ಕೇಬಲ್ಲಿನವರ ಕೈ ಯಾವತ್ತೂ ನಡೆಯುತ್ತಿರುವ ಟಿವಿಯಿಂದಲೇ ಇನ್ನೊಂದು ವೈರು ಎಳೆಯುತ್ತದೆ. ಕಾಕತಾಳೀಯ ಎಂದು ಎದುರಾಳಿ ವಾದಿಸಬಹುದು. ಹಾಗಾಗಿ ಪರೀಕ್ಷೆ ಮಾಡಿದೆ.

ಊರಿಗೆ ಬಿಡುವ ಮೊದಲು ಸ್ಕ್ರೋಲನ್ನು ಒಳಕೋಣೆಯ ಟಿವಿಗೆ ಮಾತ್ರ ಬಿಟ್ಟು ಓದಿನೋಡುವುದು ನಮ್ಮ ಪದ್ಧತಿ. ಆ ಮುಂಜಾನೆ ಒಂದರ ಬದಲು ಎರಡು ಸಾಲು ಹಾಕಿದೆ; ಕಪ್ಪು ಪಟ್ಟೆ ಮುಚ್ಚುವುದು ತಳದ ಸಾಲನ್ನಷ್ಟೇ. ಮೇಲಿನ ಸಾಲು: ಸಂಪಗಾಂವದಲ್ಲಿ ಕೆಂಪು ಎಮ್ಮೆ ಕಳೆದಿದೆ, ಕಂಡವರು ತಿಳಿಸಿರಿ. ಓದಿದೆ, ಅಳಿಸಿದೆ, ಊರಿಗೆ ಬಿಡಲಿಲ್ಲ. ಆ್ಯಪ್ ನೋಡುತ್ತಿರು ಎಂದು ಗೆಳತಿಗೆ ಹೇಳಿದ್ದೆ, ಏನು ಬರುತ್ತದೆಂದು ಹೇಳಿರಲಿಲ್ಲ. ಒಂದು ನಿಮಿಷದೊಳಗೆ ಅವಳ ಫೋನ್ ಬಂತು.

“ಅಲ್ಲಽ, ದುಬೈದಾಗ ಸಂಪಗಾಂವ ಯಾವಾಗ ಬಂತು? ಎಮ್ಮಿ ಕೆಂಪ ಇರತೈತೇನ?”

ನಗಬೇಕಿತ್ತು. ಫೋನ್ ಇಟ್ಟು ಎದ್ದೆ.

ಹೊರಗೆ ಮಾಮಾ ಯಾರದೋ ರಿಮೋಟಿಗೆ ಸೆಲ್ ಹಾಕುತ್ತಿದ್ದರು. ಎಮ್ಮೆಯ ಕತೆ ಹೇಳಿದೆ. ಅವರು ಸೆಲ್ ತೆಗೆದು, ತಿರುವಿ, ಮತ್ತೆ ಹಾಗೆಯೇ ಹಾಕಿದರು.

“ಬರೇ ಖೋಲಿ ಕೊಟ್ಟೇನವ್ವ. ನಡಸಾವ್ರು ಬ್ಯಾರೆ ಅದಾರ.”

ಅರ್ಧ ನಂಬಿದೆ. ಮೂರು ಅಳತೆ, ತುಣುಕು, ಸರ್ವರು, ಇದೆಲ್ಲ ಮಾಮಾ ಒಬ್ಬರಿಂದ ಆಗುವ ಕೆಲಸವಲ್ಲ. ಆದರೆ ಅರ್ಜಿ ತುಂಬಿದ್ದು ಅವರದೇ ಕೈ. ಅವರ ಹೆಸರಿನ ಆ ಎರಡು ಲೈನುಗಳ ಬಗ್ಗೆ ಅಷ್ಟರಲ್ಲಿ ನಾನು ಬ್ರಾಡ್‌ಬ್ಯಾಂಡಿನವರಲ್ಲಿ ವಿಚಾರಿಸಿದ್ದೆ, ಒಂದೂ ಇರಲಿಲ್ಲ. ಅದನ್ನೂ ಹೇಳಿದೆ. ಅವರು ರಿಮೋಟಿನ ಗುಂಡಿಗಳನ್ನೇ ಒತ್ತುತ್ತಿದ್ದರು.

“ಹಂಗಾರ ಮಾಮಾ, ಸಹಿ ಮಾಡಾಕ ನಿಮ್ಮ ಮಗನ್ನ ಬಿಟ್ಟು ನನ್ನ ಯಾಕ ಕರದ್ರಿ?”